ಕಿರೀಟ ತೆಗೆಯದೆ ಆಂಪ್ಲಿಫೈಯರ್ ಬಿಚ್ಚಿದ ಮಾವ

ಹೊನ್ನಾಳಿಯಲ್ಲಿ ಮಗಳ ಕಂಪ್ಯೂಟರ್ ರಿಪೇರಿ ಅಂಗಡಿಗೆ ಇವತ್ತು ಕಾಲಿಟ್ಟೆ ನೋಡಿ, ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿಯಿತು! ಮೇಜಿನ ಮೇಲೆ ಕೆಟ್ಟ ಮದರ್‌ಬೋರ್ಡು. ಅದರ ಸರ್ಕ್ಯೂಟ್ ನಕ್ಷೆ ಮಗಳ ಹತ್ತಿರ ಇಲ್ಲ. ನಾನು ಮಾತ್ರ ಆಗಲೇ ನೆನಪಿನಲ್ಲಿ ಸಾಸ್ವೆಹಳ್ಳಿಯ ನಾಟಕದ ರಂಗದ ಹಿಂದೆ ನಿಂತಿದ್ದೆ.

ಎಷ್ಟೋ ವರ್ಷಗಳ ಹಿಂದಿನ ಮಾತು; ಅವತ್ತು ಸಂಜೆ ನಾಟಕ ಶುರುವಾಗುವ ಹೊತ್ತಿಗೆ ಮೈಕಿನ ಆಂಪ್ಲಿಫೈಯರ್ ಉಸಿರು ನಿಲ್ಲಿಸಿತು. ರಾಜನ ಪಾತ್ರದ ನಮ್ಮ ಸೋದರಮಾವನಿಗೆ ತಾಲೀಮಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೈಕಿಲ್ಲದಿದ್ದರೆ ರಾಜ ಮೂಕ! ನಾಟಕ ನೋಡಲು ಬಂದು ಮುಂದೆ ಕೂತಿದ್ದ ಗೋವಿನಕೋವಿ ಊರಿನವರು, "ಏನ್ರೀ ಮಹಾರಾಜ್ರೇ, ಇವತ್ತು ಕೈಸನ್ನೆ ನಾಟಕನಾ?" ಎಂದು ನಕ್ಕರು.

ಮಾವ ಕಿರೀಟವನ್ನೂ ತೆಗೆಯದೆ ಪೆಟ್ಟಿಗೆ ಬಿಚ್ಚಿದ. "ನಕ್ಷೆ ಯಾಕ್ರೋ? ದನಿ ಹೊರಗೆ ಬರೋ ಕಡೆಯಿಂದ ಹಿಂದಕ್ಕೆ ಹೋಗಾಕೆ ನನಗೆ ಬರ್ತೈತೆ," ಎಂದು ಪಿಸುಗುಟ್ಟಿ, ಒಂದೊಂದೇ ಬೆಸುಗೆಗೆ ಸ್ಕ್ರೂಡ್ರೈವರ್ ಮುಟ್ಟಿಸುತ್ತಾ ಹೋದ. ಮುಟ್ಟಿದಲ್ಲೆಲ್ಲ ಹಾರ್ನು ಗುರ್ರ್ ಎಂದಿತು. ಒಂದು ಕಡೆ ಮಾತ್ರ ಸದ್ದೇ ಇಲ್ಲ! "ಕಳ್ಳ ಸಿಕ್ಕ!" ಅಲ್ಲೇ ಬೆಸುಗೆ ಬಿಟ್ಟಿತ್ತು. ಕಾದ ಬೆಸುಗೆ ಕಬ್ಬಿಣ ತಾಗಿತು, ರಾಳ ಹೊಗೆಯಾಡಿತು. ಮೈಕಿನಲ್ಲಿ ಮಾವ ಆಡಿದ ಮೊದಲ ಮಾತು ನಾಟಕದ್ದಲ್ಲ: "ಗೋವಿನಕೋವಿಯವರೇ, ಕೇಳಿಸ್ತೈತೇನ್ರೀ?" ಆ ಒಡಕು ದನಿ ಹೊಳೆಯಾಚೆಗೂ ಹೋಯಿತು.

ಇವತ್ತು ಮಗಳೂ ಮೀಟರಿನ ಕಡ್ಡಿ ಹಿಡಿದು ಹಾಗೇ ಒಂದೊಂದೇ ಬೆಸುಗೆ ಮುಟ್ಟುತ್ತಾ ಹಿಂದಕ್ಕೆ ಹೋದಳು, ಬಿಟ್ಟಿದ್ದನ್ನು ಬೆಸೆದಳು, ಕಂಪ್ಯೂಟರಿನ ಫ್ಯಾನು ತಿರುಗಿತು. ತಡೆಯಲಾರದೆ ಗರ್ಜಿಸಿದೆ: "ಗೋವಿನಕೋವಿಯವರೇ, ಕೇಳಿಸ್ತೈತೇನ್ರೀ?"

"ಅಪ್ಪಾ, ಮೆಲ್ಲಗೆ!" ಎಂದಳು ಮಗಳು.

ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿ ದಡಕ್ಕನೆ ಎದ್ದು ನಿಂತ. "ಕೇಳಿಸ್ತೈತ್ರೀ ಯಜಮಾನ್ರೇ, ನಾನು ಆ ಊರವನೇ. ನನ್ನ ಕಂಪ್ಯೂಟರ್ ರೆಡಿ ಆತಾ?"