ಊಟದ ಜೊತೆ ಒಂದು ಸಣ್ಣ ಗ್ಲಾಸು

ಹಣಮಂತರಾಯ ನನ್ನ ಅಕ್ಕ ಅಹಲ್ಯಾಳ ಗಂಡ. ಎದುರಿಗೆ ಭಾವ ಅನ್ನುತ್ತೇನೆ, ನೀವು ಅನ್ನುತ್ತೇನೆ. ಬೆನ್ನ ಹಿಂದೆ ಅಷ್ಟು ಮರ್ಯಾದೆ ಕೊಡಲು ನನ್ನ ನಾಲಿಗೆ ಒಪ್ಪುವುದಿಲ್ಲ.

ಅವನು ಸಿಕಂದರಾಬಾದಿನ ಹತ್ತಿರದ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ಬೀದರಿನಿಂದ ಮದುವೆಯಾಗಿ ಬಂದ ಅಕ್ಕ ಅಲ್ಲೇ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದಳು, ಹೊರಗೆ ತೆಲುಗು ಮಾತಾಡಲು ಕಲಿತಳು, ಸೀರೆಗೆ ಫಾಲ್ ಹಚ್ಚಿ ಮನೆ ತೂಗಿಸಿದಳು. ಏಕೆಂದರೆ ಅವನ ಸಂಜೆಗಳೆಲ್ಲ ವೈನ್ಸಿಗೆ. ಈ ಊರಿನಲ್ಲಿ ಹೆಂಡದಂಗಡಿಗೆ ವೈನ್ಸ್ ಅನ್ನುತ್ತಾರೆ. ಅಲ್ಲಿ ಅವನು ಬ್ರಾಂದಿ ಬಿಟ್ಟು ಬೇರೇನೂ ಕುಡಿದದ್ದು ನಾನು ಕೇಳಿಲ್ಲ.

ಮೊದಲ ಮಗಳು ಪಿಂಕಿಗೆ ನಾಲ್ಕು ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ಜ್ವರ ಏರಿ ಫಿಟ್ಸ್ ಬಂತು. ಮನೆಯ ಸ್ಕೂಟರ್ ಗಂಡನ ಬಳಿ ಇತ್ತು. ಆಟೋ ಸಿಗಲಿಲ್ಲ. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಸಿಕಂದರಾಬಾದ್ ಬಸ್ಸು ಹತ್ತಿದಳು. ವೈನ್ಸ್ ಅಂಗಡಿಯ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ಅವನ ಸ್ಕೂಟರನ್ನು ಕಂಡಳು. ಹೆಸರು ಹಿಡಿದು ಕೂಗಿದಳು. ಬಸ್ಸು ಮುಂದೆ ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಉಸಿರು ನಿಂತು ತಣ್ಣಗಾಗಿತ್ತು.

ಅವನು ಸಂಜೆ ಬಂದು "ಓವರ್‌ಟೈಮ್ ಇತ್ತು" ಅಂದ. ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ, ಯಾರು ಕೇಳಿದರೂ ಓವರ್‌ಟೈಮ್. ಸ್ಕೂಟರ್ ಕಂಡ ಸಂಗತಿಯನ್ನು ಅಕ್ಕ ಹೇಳಿದ್ದು ನನಗೊಬ್ಬಳಿಗೆ.

"ನಾ ಕೇಳಂಗಿಲ್ಲ ಭವಾನಿ. ಎಲ್ಲಿದ್ದ ಅನ್ನೂದು ಅವನ ಬಾಯಿಂದನ ಬರಬೇಕು. ಅದು ಬರೂತನಕ ನನಗ ಸಮಾಧಾನ ಇಲ್ಲ," ಅಂದಿದ್ದಳು. ಆದರೆ ಅವನು ಮಾತಿಗೆ ಸಿಕ್ಕರೆ ತಾನೇ? ಕುಡಿದು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಆಮೇಲೆ ಹುಟ್ಟಿದ ಮಗ ಮಹೇಶಕುಮಾರ ಓದಿ ಐಟಿ ಕಂಪನಿ ಸೇರಿದ. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಮಣಿಕೊಂಡದಲ್ಲಿ ಬಾಡಿಗೆ ಫ್ಲಾಟ್ ಹಿಡಿದು ಇಬ್ಬರನ್ನೂ ಕರೆತಂದ. ಅಲ್ಲಿ ಭಾವನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು, ಬ್ರಾಂದಿ ಬಂದ್ ಆಯಿತು. ಮಗನಿಗೆ ಕನಿಕರ. ಆಫೀಸಿನ ಕಂಪ್ಯೂಟರಿನಲ್ಲಿ ಓದಿ ಬಂದು, ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಅಂದ. ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ ಅಂತ ಭಾವ ಹಿಗ್ಗಿದ.

ಆದರೆ ವೈದ್ಯರು ಹಾಗೆ ಹೇಳಲಿಲ್ಲ. ಆರೋಗ್ಯಕ್ಕೆಂದು ಯಾರೂ ಕುಡಿಯಲು ಶುರು ಮಾಡಬೇಕಾಗಿಲ್ಲ. ಬಿಡಲು ಆಗುವುದೇ ಇಲ್ಲ ಅನ್ನುವವರಿಗೆ ಒಂದೇ ಒಂದು ಸಣ್ಣ ಗ್ಲಾಸು, ಅದೂ ಊಟದ ಜೊತೆ, ಮನೆಯವರೊಟ್ಟಿಗೆ ಕೂತು ನಿಧಾನವಾಗಿ. ಬರೀ ವೈನಿನಿಂದ ಹೃದಯ ಸುಧಾರಿಸುವುದಿಲ್ಲ, ಸೊಪ್ಪು, ಕಾಳು, ನಡಿಗೆ ಬೇಕು ಅಂದರು. ಭಾವ ಕೇಳಿಸಿಕೊಂಡದ್ದು ವೈನ್ ಅನ್ನುವುದೊಂದನ್ನೇ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

ನಾನಾಗಿದ್ದರೆ ಮಗ ತಂದ ಆ ವೈನ್ ಬಾಟಲಿಯನ್ನು ಅವನ ತಲೆಯ ಮೇಲೇ ಒಡೆಯುತ್ತಿದ್ದೆ. ಅಕ್ಕ ಅದನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಮಿರ್ಚಿಭಜಿ, ಹಪ್ಪಳ, ಉಪ್ಪಿನಕಾಯಿ ಮನೆಯಿಂದ ಹೊರಬಿದ್ದವು. ಜೋಳದ ರೊಟ್ಟಿ, ಎಣ್ಣೆ ಕಾಣದ ಮೆಂತೆಪಲ್ಲೆ, ಚಟ್ನಿಪುಡಿಯಂಥ ಅಗಸಿ ಹಿಂಡಿ, ಮೊಳಕೆ ಕಾಳು ಬಂದವು. ಬೆಳಗ್ಗೆ ಅವನನ್ನು ಬೀದಿ ಸುತ್ತಿಸಿದಳು. ಸಂಜೆ ಬೆಳಕಿರುವಾಗಲೇ ತಟ್ಟೆ ಹಾಕಿ, ಸಣ್ಣ ಗ್ಲಾಸಿಗೆ ವೈನ್ ಬಗ್ಗಿಸಿ, ತಾನೂ ತಟ್ಟೆ ಇಟ್ಟುಕೊಂಡು ಎದುರಿಗೆ ಕೂತಳು. ಮದುವೆಯಾದ ಮೇಲೆ ಅವರಿಬ್ಬರೂ ಎದುರುಬದುರು ಕೂತು ಉಂಡದ್ದು ಅದೇ ಮೊದಲು.

"ನಿಧಾನ ಕುಡೀರಿ," ಅಂದಳು. "ಆ ಐತಾರ ಮಧ್ಯಾಹ್ನ ಪಿಂಕಿಗೆ ಜ್ವರ ಬಂದಿತ್ತು."

ಗ್ಲಾಸು ಖಾಲಿಯಾಗುವ ತನಕ ಹೇಳಿದಳು. ಮರುದಿನವೂ ಅದೇ. ಮಗು ಹಲ್ಲು ಕಚ್ಚಿದ್ದು, ಆಟೋ ಹುಡುಕಿದ್ದು, ಕಂಡಕ್ಟರ್ ಟಿಕೆಟ್ ಬೇಡವೆಂದದ್ದು. ವೈನ್ಸ್ ಅಂಗಡಿಯ ತಿರುವಿಗೆ ಬಂದು ನಿಲ್ಲಿಸಿ ಅವನ ಮುಖ ನೋಡುತ್ತಿದ್ದಳು. ಅವನು ತಟ್ಟೆ ನೋಡುತ್ತಿದ್ದ. ಅಷ್ಟೇ ಅಷ್ಟು ವೈನಿಗೆ ಮತ್ತೇರುವುದೂ ಇಲ್ಲ, ಏನೂ ಮರೆಯುವುದೂ ಇಲ್ಲ.

"ಅವ್ವಾ, ಸಾಕು ಬಿಡು. ಅಪ್ಪನ ಹಾರ್ಟಿಗೆ ಛಲೋ ಅಲ್ಲ," ಅಂದ ಮಹೇಶ.

"ರಿಪೋರ್ಟ್ ನೋಡು," ಅಂದಳು ಅಕ್ಕ.

ನಿಜ, ಅವನ ತೂಕ ಇಳಿದಿತ್ತು, ಬಿಪಿ ಹತೋಟಿಗೆ ಬಂದಿತ್ತು. ವೈದ್ಯರು ಅಕ್ಕನನ್ನು ಹೊಗಳಿದರು. ನನಗಂತೂ ಹೊಟ್ಟೆ ತಣ್ಣಗಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಯುಗಾದಿಗೆ ನಾನು ಹೋದ ದಿನ ಅವನು ಗ್ಲಾಸಿಗೆ ಅಂಗೈ ಅಡ್ಡ ಇಟ್ಟ. "ಬ್ಯಾಡ. ನನಗಿನ್ನ ವೈನೂ ಬ್ಯಾಡ, ಏನೂ ಬ್ಯಾಡ." ಗ್ಲಾಸು ಹೋದರೆ ಕಥೆಯೂ ಹೋಗುತ್ತದೆ ಅಂದುಕೊಂಡಿದ್ದ, ಪಾಪಿ.

"ಭಾಳ ಛಲೋ ಆತು," ಅನ್ನುತ್ತ ಅಕ್ಕ ಅದೇ ಗ್ಲಾಸಿಗೆ ಮಜ್ಜಿಗೆ ಬಗ್ಗಿಸಿದಳು. "ಆ ಐತಾರ ಮಧ್ಯಾಹ್ನ," ಅಂತ ಮತ್ತೆ ಶುರು ಮಾಡಿದಳು. ಕಥೆಯ ಬಸ್ಸು ವೈನ್ಸ್ ಅಂಗಡಿಯ ತಿರುವಿಗೆ ಬಂತು. ನಿಲ್ಲಿಸಿದಳು.

"ನನ್ನ ಸ್ಕೂಟರ್ ಅಲ್ಲೇ ನಿಂತಿತ್ತು," ಅಂದ ಅವನು. "ಓವರ್‌ಟೈಮ್ ಇರಲಿಲ್ಲ. ನಾ ಒಳಗ ಕುಡ್ಯಾಕತ್ತಿದ್ದೆ. ನೀ ಕೂಗಿದ್ದೂ ಕೇಳಿತ್ತು ಅಹಲ್ಯಾ. ನನ್ನ ಎಬ್ಬಿಸಿಕೊಂಡು ಹೋಗಾಕ ಬಂದಿ ಅನ್ಕೊಂಡು ಹೊರಗ ಬರಲಿಲ್ಲ."

ಕೂಗಿದ್ದು ಅವನಿಗೆ ಕೇಳಿತ್ತು ಅನ್ನುವುದು ಅಕ್ಕನಿಗೂ ಗೊತ್ತಿರಲಿಲ್ಲ. ಅವಳ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ಕಪಾಳಕ್ಕೆ ಬಾರಿಸಲೆಂದೇ ಎದ್ದೆ. ಅಕ್ಕ ಕಣ್ಣಲ್ಲೇ ನನ್ನನ್ನು ಕೂರಿಸಿದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದಿಷ್ಟು ಮೆಂತೆಪಲ್ಲೆ ಬಡಿಸಿದಳು.

"ಉಣ್ರಿ," ಅಂದಳು. "ಇದನ್ನ ನೆನಪಿಟ್ಕೊಂಡು ನೀವು ಇನ್ನೂ ಭಾಳ ವರ್ಷ ಬದುಕಬೇಕು."