ಧೂಳು ಹಿಡಿದ ಕಾರುಗಳ ಮೇಲಿನ ಕಾಗುಣಿತ

ಆ ಕೋಣೆಯಲ್ಲಿ ಏಳು ಮಂದಿ ಇದ್ದೆವು. ನಿವೃತ್ತ ನ್ಯಾಯಾಧೀಶರೊಬ್ಬರು, ಕಾಲೇಜು ಹುಡುಗಿಯರು ಮೂವರು, ಲಂಡನ್ನಿನಲ್ಲಿ ನನ್ನ ಮಗಳು ಬಾಡಿಗೆಗಿರುವ ಮನೆಯ ಯಹೂದಿ ಅಜ್ಜಿ, ಅವರ ಬೆನ್ನಿಗೆ ಹೋದ ನಾನು, ಮತ್ತೆ ಪಾಠ ಹೇಳುವ ಹೆಂಗಸು. ಅದು ಯಹೂದಿಯರ ಕಲಿಕೆಯ ಸಮಾವೇಶ. ಯಾರು ಬೇಕಾದರೂ ಕಲಿಯಬಹುದು, ಗೊತ್ತಿದ್ದವರು ಯಾರು ಬೇಕಾದರೂ ಕಲಿಸಬಹುದು. ಎದೆಯ ಚೀಟಿಯಲ್ಲಿ ಬರೀ ಹೆಸರು. ಡಾಕ್ಟರು, ಪ್ರೊಫೆಸರು ಎಂಬುದೇನೂ ಇಲ್ಲ.

ಪಾಠ ಹೇಳುವವರು ಅಲ್ಲಿನ ಅಡುಗೆಮನೆಯಿಂದಲೇ ಬಂದಿದ್ದರು. ಹಳೆಯ ಗ್ರಂಥದ ಹಾಳೆಯನ್ನು ನನ್ನತ್ತ ಸರಿಸಿದಾಗ ಅವರ ಕೈಯಿಂದ ನೀರುಳ್ಳಿಯ ವಾಸನೆ ಬಂತು... ನ್ಯಾಯಾಧೀಶರು ಅವರಲ್ಲಿ ಸಂಶಯ ಕೇಳಿ ಬರೆದುಕೊಳ್ಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ನಮ್ಮ ಮೇಲೆ.

ಗಲ್ಫಿನಲ್ಲಿ ನಾವಿರುವ ಅಲ್ ಮವಾಲೇಹ್‌ನ ಬಿಲ್ಡಿಂಗಿನಲ್ಲೂ ಒಬ್ಬರು ಅಡುಗೆಯ ಬಾಯಮ್ಮ ಇದ್ದರು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಓದಿದ್ದು ಏಳನೇ ಕ್ಲಾಸು. ಶುಕ್ರವಾರ ಬೆಳಿಗ್ಗೆ ಮಕ್ಕಳನ್ನು ಪಾರ್ಕಿಂಗಿನಲ್ಲಿ ಸೇರಿಸಿ, ಧೂಳು ಹಿಡಿದ ಕಾರುಗಳ ಮೇಲೆ ಬೆರಳಲ್ಲಿ ಅಕ್ಷರ ಬರೆಸುತ್ತಿದ್ದರು. ಒಂದು ಕಾರಿಗೆ ಒಂದು ಕಾಗುಣಿತ.

"ಫಿನಿಶ್ಡ್, ಆಂಟಿ!"

"ಫಿನಿಶ್ ಅಲ್ಲ ಮಗಾ, ಮುಗೀತು ಅನ್ನು. ಇನ್ನು ಒರೆಸು, ನಿನ್ನ ಪಪ್ಪನ ಕಾರೂ ಚೊಕ್ಕ ಆಗ್ತದೆ."

ಅಜ್ಜಿಯ ಮಡಿಲಲ್ಲಿ ಕನ್ನಡ ಕಲಿತವನೆಂದು ಕೊಚ್ಚಿಕೊಳ್ಳುವ ನಾನು ಮಗಳಿಗೆ ಒಂದಕ್ಷರ ಕಲಿಸಿರಲಿಲ್ಲ. ಕಲಿಸಿದ್ದು ಬಾಯಮ್ಮ.

ಒಂದು ಶುಕ್ರವಾರ ಮಕ್ಕಳು ನಮ್ಮ ಕನ್ನಡ ಸಂಘದ ಅಧ್ಯಕ್ಷರ ಹೊಸ ಕಾರಿನ ಮೇಲೆ ಬರೆದುಬಿಟ್ಟರು. ಮೀಟಿಂಗಿನಲ್ಲಿ ಆ ಮನುಷ್ಯ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. "ಏಳನೇ ಕ್ಲಾಸಿನವರ ಹತ್ರ ನಮ್ಮ ಮಕ್ಳು ಕಲಿಯುದಾ ಮಾರಾಯ್ರೆ? ಡಿಗ್ರಿ ಇದ್ದವರನ್ನು ತರುವ" ಎಂದರು. ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿ ನಾನು. ಇನ್ನು ಪಾಠ ಮಾಡಕೂಡದೆಂದು ಪತ್ರ ಬರೆದು, ಸಹಿ ಹಾಕಿ, ನಾನೇ ಒಯ್ದು ಕೊಟ್ಟೆ.

ಬಾಯಮ್ಮ ಬಾಗಿಲಲ್ಲೇ ನಿಂತು ಓದಿದರು. "ಅಕ್ಷರ ಚಂದ ಉಂಟು ನಿಮ್ಮದು" ಎಂದು ಒಳಗೆ ಹೋದರು.

ಡಿಗ್ರಿಯವರು ಎರಡು ವಾರ ಬಂದರು. ಮೂರನೆಯದಕ್ಕೆ ಖಲಾಸ್. ಬಾಯಮ್ಮ ವೀಸಾ ಮುಗಿಸಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಆ ಸುದ್ದಿಗೆ ಅಧ್ಯಕ್ಷರು ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು. ಅಷ್ಟೇ. ನಾನೂ ಅದನ್ನೇ ಹಾಕಿದೆನಲ್ಲ...

ಲಂಡನ್ನಿನಿಂದ ಮರಳಿದ ತಿಂಗಳಲ್ಲೇ ಸಂಘದ ವಾರ್ಷಿಕ ಸಭೆ. ಅಧ್ಯಕ್ಷರು ತಾಯಿನುಡಿ ಉಳಿಸಬೇಕೆಂದು ಭಾಷಣ ಬಿಗಿಯುತ್ತಿದ್ದರು. ನಾನು ಎದ್ದು ಫೈಲಿನಿಂದ ಆ ಪತ್ರದ ಪ್ರತಿ ತೆಗೆದು, ನನ್ನ ಸಹಿಯವರೆಗೂ ಗಟ್ಟಿಯಾಗಿ ಓದಿದೆ.

"ಅದೆಲ್ಲ ಈಗ ಎಂತಕ್ಕೆ ಮಾರಾಯ್ರೆ? ಯಲ್ಲಾ, ಬನ್ನಿ ಬನ್ನಿ, ಊಟ ತಣಿತದೆ" ಎಂದರು ಅಧ್ಯಕ್ಷರು. ಎಲ್ಲರೂ ಊಟಕ್ಕೆ ಎದ್ದರು.

ಮುಂದಿನ ಶುಕ್ರವಾರ ಪಾರ್ಕಿಂಗಿನಲ್ಲಿ ನಾನೇ ಪಾಠ ಮಾಡುತ್ತೇನೆಂದು ಎಲ್ಲ ಮನೆಗಳಿಗೂ ಹೇಳಿ ಬಂದೆ. ಆ ದಿನ ಹನ್ನೊಂದರ ತನಕ ಕಾದೆ. ಒಂದು ಮಗುವೂ ಇಳಿದು ಬರಲಿಲ್ಲ.