ಅತ್ತೆಯ ಕಾರಿಗೆ ಇನ್ನಷ್ಟು ಕಸುವು

ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರುಗಳ ಬಲ ಹೆಚ್ಚಿಸಿಕೊಡುವುದು ಅವನ ಕಸುಬು. ಆದರೆ ವೇಗ ಬೇಕೆಂದು ಬಂದವರ ಕಾರಿನಲ್ಲಿ ಅವನು ಮೊದಲು ನೋಡುತ್ತಿದ್ದುದು ಬ್ರೇಕನ್ನು. ಹಾಗಾಗಿ ಗೆಳೆಯರ ಬಾಯಲ್ಲಿ ಬ್ರೇಕಣ್ಣನಾದ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವನ ಶೆಡ್ಡಿನ ಮುಂದೆ ಅತ್ತೆಯ ಕಾರು ಬಂದು ನಿಂತಿತು. ಬೇಕರಿಯ ವ್ಯಾನು ಓಡಿಸಿ ಮಕ್ಕಳನ್ನೆಲ್ಲ ದಡ ಮುಟ್ಟಿಸಿದ ಹೆಂಗಸು ಅವರು. ಕೆಲಸ ಬಿಟ್ಟ ಮೇಲೆ ತಮ್ಮದೇ ಆಸೆಗೆಂದು ಹಳೆಯದೊಂದು ಟರ್ಬೊ ಕಾರು ಕೊಂಡು, ಆಗಾಗ ಬೆಟ್ಟದ ಮೇಲಿರುವ ತಂಗಿಯ ಮನೆಗೆ ಹೋಗಿಬರುತ್ತಿದ್ದರು.

"ಅಳಿಯಂದಿರೇ, ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡ್ರೆ ಮುಗೀತು. ದಾಟೋಕೆ ಸಿಗೋ ಜಾಗವೇ ಚೂರು. ಅಷ್ಟರಲ್ಲಿ ಇದು ಇನ್ನೂ ಮೈಮುರೀತಾ ಇರತ್ತೆ. ಸ್ವಲ್ಪ ಕಸುವು ತುಂಬಿಕೊಡಿ," ಎಂದರು.

ಅತ್ತೆಗೆ ಆಗಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡ. ಸಂಜೆ ಹೆಂಡತಿ, "ಅಮ್ಮನಿಗೆ ಏನಾದ್ರೂ ಆದ್ರೆ ನೋಡಿ ಮತ್ತೆ," ಎಂದಳು. ಅಷ್ಟೇ ಅಂದದ್ದು. ಆ ಮಾತು ಅವನ ತಲೆಯಲ್ಲಿ ಗೂಡು ಕಟ್ಟಿತು.

ಕೆಲಸವನ್ನೇನೋ ಅಚ್ಚುಕಟ್ಟಾಗಿಯೇ ಶುರುಮಾಡಿದ. ಇಂಜಿನ್ ಗಟ್ಟಿಯಾಗಿದೆಯೇ, ಕೊಳವೆಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಿದ. ಬ್ರೇಕು, ಟೈರು ಹೊಸವಾದವು. ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯನ್ನು ತಣಿಸಲು ದೊಡ್ಡ ಇಂಟರ್‌ಕೂಲರ್ ಕೂರಿಸಿದ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಬೇಕು, ಶಾಖ ಹಿಡಿತದಲ್ಲಿರಬೇಕು. ಇಲ್ಲದಿದ್ದರೆ ಇಂಜಿನ್ ಒಳಗೊಳಗೇ ಬಡಿದುಕೊಂಡು ಹಾಳಾಗುತ್ತದೆ. ಕಾರಿನ ಚಕ್ರಗಳನ್ನು ಬಲ ಅಳೆಯುವ ಯಂತ್ರದ ಉರುಳೆಗಳ ಮೇಲೆ ನಿಲ್ಲಿಸಿ, ಪರದೆಯ ಮೇಲೆ ಕಣ್ಣಿಟ್ಟು, ಗಾಳಿಯ ಒತ್ತಡವನ್ನು ಒಂದೊಂದೇ ಮೆಟ್ಟಿಲು ಏರಿಸಿದ. ಇಂಜಿನ್ ನಿರಾಳವಾಗಿತ್ತು. ಆದರೆ ಹೆಂಡತಿಯ ಮಾತು ನೆನಪಾಗಿ ಕೈ ಹಿಂಜರಿಯಿತು. ಏರಿಸಿದ್ದನ್ನೆಲ್ಲ ಸದ್ದಿಲ್ಲದೆ ಇಳಿಸಿಬಿಟ್ಟ.

"ಆಯ್ತು ಅತ್ತೆ. ಬಲ ಹೆಚ್ಚಾಗಿದೆ. ಇದಕ್ಕಿಂತ ಜಾಸ್ತಿ ಇಂಜಿನ್ ತಡ್ಕೊಳ್ಳಲ್ಲ," ಎಂದು ಬೀಗದ ಕೈ ಕೊಟ್ಟ.

ಕೆಲವೇ ದಿನಕ್ಕೆ ಅತ್ತೆ ಮತ್ತೆ ಬಂದರು. ಟೈರುಗಳ ರಾಶಿಯ ಮೇಲೆ ಕೂತು ಕೇಳಿದರು: "ಬೆಟ್ಟದ ದಾರೀಲಿ ನೀರಿನ ಟ್ಯಾಂಕಿನ ತಿರುವಲ್ಲಿ ಮೊದ್ಲೂ ಗೇರ್ ಇಳಿಸ್ತಿದ್ದೆ, ಈಗ್ಲೂ ಇಳಿಸಿದೆ. ಬಲ ಹೆಚ್ಚಿದ್ರೆ ಇಳಿಸಬೇಕಾಗ್ತಿರಲಿಲ್ಲ. ನಿಜ ಹೇಳಿ, ತಡ್ಕೊಳ್ಳದೇ ಇರೋದು ಇಂಜಿನ್ನೋ, ನೀವೋ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನಾನೇ ಅತ್ತೆ."

"ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳ್ಬೇಕಪ್ಪ. ಬಲ ಇದೆ ಅಂತ ನಿಮ್ಮ ಮಾತು ನಂಬಿ ಲಾರಿ ದಾಟೋಕೆ ಹೋದೆ. ಅರ್ಧದಲ್ಲೇ ಗೊತ್ತಾಯ್ತು, ಇಲ್ಲ ಅಂತ. ಎದುರಿಗೆ ಬಸ್ಸು. ಹೊಸ ಬ್ರೇಕ್ ಹಿಡಿದಿದ್ದಕ್ಕೆ ಹಿಂದಕ್ಕೆ ಬಂದು ಬದುಕ್ಕೊಂಡೆ."

ಅತ್ತೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವರನ್ನೇ ಬಸ್ಸಿನೆದುರು ನಿಲ್ಲಿಸಿದ್ದ. ಕೂಡಲೇ ಕಾರನ್ನು ಉರುಳೆಗಳ ಮೇಲೆ ಹತ್ತಿಸಿದ. ಈ ಸಲ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಪರದೆ ತೋರಿಸಿದ. ಒತ್ತಡವನ್ನು ಮತ್ತೆ ಏರಿಸುತ್ತಾ ಬಂದು, ಇಂಜಿನ್ ತಾಳುವ ಮಟ್ಟಕ್ಕಿಂತ ಒಂದಿಷ್ಟು ಕೆಳಗೇ ನಿಲ್ಲಿಸಿದ.

"ಇಷ್ಟೇ ಯಾಕೆ?"

"ಸೆಕೆ ದಿನ ಇರತ್ತೆ, ಕೆಟ್ಟ ಪೆಟ್ರೋಲ್ ಸಿಗತ್ತೆ. ಅದಕ್ಕೆ ಉಳಿಸಿದ್ದು. ಬಲ ಮಿತಿಮೀರಿ ಕ್ಲಚ್ಚೂ ಜಾರಬಾರದು. ಬದಲಾವಣೆ ಮಾಡಿಸಿದ್ದು ವಿಮೆಯವರಿಗೂ ತಿಳಿಸಿಬಿಡಿ."

"ಇದು ಹೆದರಿಕೆ ಅಲ್ಲ ತಾನೆ?"

"ಅಲ್ಲ, ಲೆಕ್ಕ."

ಮರುದಿನ ಅತ್ತೆಯ ಪಕ್ಕ ಕೂತು ಅವನೂ ಬೆಟ್ಟ ಹತ್ತಿದ. ಮುಂದೆ ಲಾರಿ ಸಿಕ್ಕಿತು. ನೇರ ರಸ್ತೆ ಬಂತು, ಅತ್ತೆ ದಾಟಲಿಲ್ಲ. ಅವನೇ ತಡೆಯಲಾರದೆ, "ಹೋಗಬಹುದಿತ್ತಲ್ಲ?" ಎಂದ. "ಆಚೆ ತುದಿ ಕಾಣ್ತಿರಲಿಲ್ಲ," ಎಂದರು. ಮುಂದಿನ ನೇರದಲ್ಲಿ ರಸ್ತೆ ತುದಿಯವರೆಗೂ ಖಾಲಿಯಿತ್ತು. ಕಾರು ಬೆನ್ನನ್ನು ಸೀಟಿಗೊತ್ತಿ ಲಾರಿಯನ್ನು ಹಿಂದೆ ಹಾಕಿತು. ದಾಟಿದ್ದೇ ತಡ, ಅತ್ತೆ ಕಾಲು ಸಡಿಲಿಸಿ ಮೊದಲಿನ ವೇಗಕ್ಕೇ ಬಂದರು. ಇಷ್ಟು ವರ್ಷ ಅವರ ಕೈಯ ಊಟ ಉಂಡಿದ್ದರೂ, ಅವರು ಗಾಡಿ ಓಡಿಸುವಾಗ ಅವನು ಪಕ್ಕ ಕೂತದ್ದು ಅದೇ ಮೊದಲು.

ಆಮೇಲೆ ಯಾರೇ ಬರಲಿ, ಅವರು ಓಡಿಸುವ ರೀತಿ ನೋಡಲು ಮೊದಲು ಪಕ್ಕ ಕೂತು ಒಂದು ಸುತ್ತು ಹೋಗಿಬರುವ ರೂಢಿ ಮಾಡಿಕೊಂಡ. ಕೆಲವರು ಮುಖ ಗಂಟಿಕ್ಕಿ ಬೇರೆ ಶೆಡ್ಡಿಗೆ ಹೋದರು. ಅತ್ತೆ ಮಾತ್ರ ಆಯಿಲ್ ಬದಲಿಸಲು ಬಂದಾಗಲೆಲ್ಲ, "ಇನ್ನೂ ಚೂರು ಹೆಚ್ಚಿಸಬಹುದಾ?" ಎಂದು ಕೇಳುತ್ತಾರೆ. ಆಗಲ್ಲ ಎನ್ನುತ್ತಾನೆ. ಅವರು ನಂಬುತ್ತಾರೆ.